ಖಿನ್ನತೆಯ ತಡೆ ಮತ್ತು ಚಿಕಿತ್ಸೆಯಲ್ಲಿ ಡಿಜಿಟಲ್ ತಂತ್ರಜ್ಞಾನ: ಜಡೆ ಹೋಬಳಿಯ ರೈತ ಕುಟುಂಬಗಳಿಗೆ ಮಾರ್ಗದರ್ಶಿ



2018ರ ಮೇ ತಿಂಗಳಿನಲ್ಲಿ ಶಿವಮೊಗ್ಗದ ಮೆಕ್ಕೆಜೋಳದ ತಾಕಿನಲ್ಲಿ ಹೊಸದೊಂದು ಹುಳು ಕಂಡುಬಂದಿತು. ಅಮೆರಿಕ ಖಂಡದ ಮೂಲದ ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲ ಬಾರಿಗೆ ವರದಿಯಾದದ್ದು ಹೀಗೆ, ನಮ್ಮದೇ ಜಿಲ್ಲೆಯಿಂದ. ಅಂದಿನಿಂದ ಜಡೆ, ಆನವಟ್ಟಿ, ಶಿಕಾರಿಪುರದ ಕಡೆಯ ಬೆಳೆಗಾರರು ಬಿತ್ತನೆಯಾದ ಕೆಲವೇ ದಿನಗಳಲ್ಲಿ ಸಾಲುಗಳ ನಡುವೆ ನಡೆದು ಸುಳಿಯನ್ನು ಬಿಡಿಸಿ ನೋಡುವುದನ್ನು ರೂಢಿಸಿಕೊಂಡಿದ್ದಾರೆ. ಹುಳು ಚಿಕ್ಕದಿರುವಾಗಲೇ ಕಂಡುಹಿಡಿದರೆ ಹತೋಟಿ ಸುಲಭ, ತಡವಾದರೆ ಖರ್ಚೂ ಹೆಚ್ಚು, ನಷ್ಟವೂ ಹೆಚ್ಚು ಎಂಬುದು ಈಗ ಎಲ್ಲರಿಗೂ ತಿಳಿದ ಮಾತು.

ಬೆಳೆಗೆ ಕಾಯಿಲೆ ಬಂದರೆ ಏನು ಮಾಡಬೇಕೆಂದು ನಮಗೆ ಗೊತ್ತಿದೆ. ಎಲೆಯ ಫೋಟೊ ತೆಗೆದು ಕಳುಹಿಸುತ್ತೇವೆ, ರೈತ ಸಂಪರ್ಕ ಕೇಂದ್ರಕ್ಕೆ ಹೋಗುತ್ತೇವೆ, ಕಿಸಾನ್ ಕಾಲ್ ಸೆಂಟರಿನ 1800-180-1551 ಸಂಖ್ಯೆಗೆ ಕರೆ ಮಾಡುತ್ತೇವೆ. ಆದರೆ ಆ ಬೆಳೆಯನ್ನು ಬೆಳೆಯುವ ಮನುಷ್ಯನ ಮನಸ್ಸು ಕುಗ್ಗಿದಾಗ ಯಾರನ್ನು ಕೇಳಬೇಕು? ಹೆಚ್ಚಿನವರು ಯಾರನ್ನೂ ಕೇಳುವುದಿಲ್ಲ. ಮನೆಯವರು ಹೇಳುವುದು ಹೇಗೆಂದು ತಿಳಿಯದೆ ಸುಮ್ಮನಾಗುತ್ತಾರೆ. ಕೆಲವೊಮ್ಮೆ ಈ ಮೌನಕ್ಕೆ ಒಂದು ಜೀವವೇ ಬೆಲೆಯಾಗುತ್ತದೆ.

ಮನಸ್ಸಿನ ಕಾಯಿಲೆಯನ್ನು ಮೊದಲ ಹಂತದಲ್ಲೇ ಗುರುತಿಸುವುದು, ಕೈಯಲ್ಲಿರುವ ದೂರವಾಣಿಯ ಮೂಲಕವೇ ತಜ್ಞರನ್ನು ತಲುಪುವುದು ಹಾಗೂ ಈ ಸೌಲಭ್ಯಗಳ ಮಿತಿಗಳನ್ನು ಅರಿಯುವುದು ಹೇಗೆ ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಖಿನ್ನತೆ ಎಂದರೇನು?

ಬೆಲೆ ಕುಸಿದಾಗ, ಶುಂಠಿಗೆ ಕೊಳೆ ರೋಗ ತಗುಲಿದಾಗ, ಅಡಿಕೆ ತೋಟದಲ್ಲಿ ಎಲೆಚುಕ್ಕೆ ಹರಡಿದಾಗ ದುಃಖವಾಗುವುದು ಸಹಜ. ಅಂತಹ ದುಃಖ ಕೆಲವು ದಿನಗಳಲ್ಲಿ ಇಳಿಯುತ್ತದೆ. ನಡುವೆ ಮಗುವಿನ ಮಾತಿಗೆ ನಗು ಬರುತ್ತದೆ, ಮರುದಿನದ ಕೆಲಸಕ್ಕೆ ಕೈ ಹೋಗುತ್ತದೆ. ಖಿನ್ನತೆ ಇದಕ್ಕಿಂತ ಭಿನ್ನವಾದುದು. ಬೇಸರ ಅಥವಾ ನಿರಾಸಕ್ತಿಯು ದಿನದ ಬಹುಪಾಲು, ಹೆಚ್ಚುಕಡಿಮೆ ಪ್ರತಿದಿನ, ಕನಿಷ್ಠ ಎರಡು ವಾರ ಮುಂದುವರಿದು, ನಿತ್ಯದ ಕೆಲಸಕ್ಕೆ ಅಡ್ಡಿಯಾಗತೊಡಗಿದರೆ ಅದನ್ನು ವೈದ್ಯರು ಖಿನ್ನತೆ ಎಂದು ಪರಿಗಣಿಸುತ್ತಾರೆ.

ಇದು ಸೋಮಾರಿತನವಲ್ಲ, ಧೈರ್ಯದ ಕೊರತೆಯಲ್ಲ, ಯಾರದೋ ಮಾಟವೂ ಅಲ್ಲ. ಮೆದುಳಿನ ಕಾರ್ಯ, ದೇಹದ ಸ್ಥಿತಿ, ಕುಟುಂಬದ ಹಿನ್ನೆಲೆ ಮತ್ತು ಬದುಕಿನ ಒತ್ತಡಗಳು ಕೂಡಿ ಉಂಟುಮಾಡುವ ಕಾಯಿಲೆ. ಥೈರಾಯ್ಡ್ ಗ್ರಂಥಿಯ ತೊಂದರೆ, ರಕ್ತಹೀನತೆ, ಮದ್ಯಪಾನ ಮತ್ತು ದೀರ್ಘಕಾಲದ ನೋವು ಇದನ್ನು ಹೆಚ್ಚಿಸಬಲ್ಲವು. ಹೆರಿಗೆಯ ನಂತರ ತಾಯಂದಿರಲ್ಲಿಯೂ ಕಾಣಿಸಿಕೊಳ್ಳಬಹುದು.

ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗನ ಕಾಯಿಲೆ ಗುರುತಿಸಲ್ಪಟ್ಟಿತು. ಈ ರೋಗ ಬಂದವರನ್ನು ಇಂದು ನಾವು ಯಾರೂ ಹೀಗಳೆಯುವುದಿಲ್ಲ. ಉಣ್ಣೆಯಿಂದ ಬಂದ ರೋಗವೆಂದು ತಿಳಿದು ಆಸ್ಪತ್ರೆಗೆ ಕರೆದೊಯ್ಯುತ್ತೇವೆ. ಖಿನ್ನತೆಯ ವಿಷಯದಲ್ಲಿಯೂ ಇದೇ ನಿಲುವು ಬೇಕಾಗಿದೆ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಸುಮಾರು 20 ವಯಸ್ಕರಲ್ಲಿ ಒಬ್ಬರು ಬದುಕಿನ ಒಂದಲ್ಲ ಒಂದು ಘಟ್ಟದಲ್ಲಿ ಖಿನ್ನತೆಗೆ ಒಳಗಾಗಿರುತ್ತಾರೆ. ಅವರಲ್ಲಿ ಶೇ. 85ರಷ್ಟು ಮಂದಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. ಅಂದರೆ 100 ಮನೆಗಳ ಊರಿನಲ್ಲಿ ಖಿನ್ನತೆಯನ್ನು ಕಂಡ ಹಲವು ಮಂದಿ ಇರುತ್ತಾರೆ, ಅವರಲ್ಲಿ ಬಹುತೇಕರು ಯಾವ ನೆರವೂ ಇಲ್ಲದೆ ದಿನ ದೂಡಿರುತ್ತಾರೆ.

ಲಕ್ಷಣಗಳು: ಹೊಲದಲ್ಲಿ ಮತ್ತು ಮನೆಯಲ್ಲಿ ಕಾಣುವ ಬಗೆ

ನಮ್ಮ ಗ್ರಾಮಗಳಲ್ಲಿ ‘ನನಗೆ ಬೇಸರವಾಗಿದೆ’ ಎಂದು ಹೇಳಿಕೊಂಡು ಬರುವವರು ಕಡಿಮೆ. ಮೈಕೈ ನೋವು, ತಲೆಭಾರ, ಎದೆ ಹಿಡಿದಂತಾಗುವುದು, ಹಸಿವಿಲ್ಲದಿರುವುದು ಎಂದು ಹೇಳುವವರೇ ಹೆಚ್ಚು. ಆದ್ದರಿಂದ ಕೆಳಗಿನ ಬದಲಾವಣೆಗಳನ್ನು ಗಮನಿಸಬೇಕು.

1. ಮೊದಲು ಬೆಳಗ್ಗೆಯೇ ತೋಟಕ್ಕೆ ಹೋಗುತ್ತಿದ್ದವರು ಹೋಗದಿರುವುದು. ನೀರು ಕಟ್ಟುವ, ಕಳೆ ತೆಗೆಸುವ, ಔಷಧಿ ಸಿಂಪಡಿಸುವ ಕೆಲಸಗಳು ಕಾರಣವಿಲ್ಲದೆ ಹಿಂದೆ ಬೀಳುವುದು.
2. ರಾತ್ರಿ ನಿದ್ದೆ ಬಾರದಿರುವುದು, ಬೆಳಗಿನ ಜಾವ ಎಚ್ಚರವಾಗಿ ಮತ್ತೆ ನಿದ್ದೆ ಹತ್ತದಿರುವುದು ಅಥವಾ ಅತಿಯಾಗಿ ಮಲಗುವುದು.
3. ಊಟ ಕಡಿಮೆಯಾಗಿ ತೂಕ ಇಳಿಯುವುದು.
4. ಜಾನುವಾರು, ಹಬ್ಬ, ಜಾತ್ರೆ, ಸಂಘದ ಸಭೆ ಯಾವುದರಲ್ಲೂ ಆಸಕ್ತಿ ಉಳಿಯದಿರುವುದು.
5. ಸಣ್ಣ ವಿಷಯಕ್ಕೆ ಸಿಟ್ಟು ಅಥವಾ ಅಳು ಬರುವುದು. ಗಂಡಸರಲ್ಲಿ ಖಿನ್ನತೆಯು ಅನೇಕ ವೇಳೆ ಸಿಟ್ಟು ಮತ್ತು ಕುಡಿತದ ರೂಪದಲ್ಲಿ ಹೊರಬೀಳುತ್ತದೆ.
6. ಲೆಕ್ಕಾಚಾರ ತಪ್ಪುವುದು, ನಿರ್ಧಾರ ಮಾಡಲಾಗದಿರುವುದು. ಯಾವ ತಳಿ ಬಿತ್ತಬೇಕು ಎಂಬ ಸಣ್ಣ ಪ್ರಶ್ನೆಯೂ ಬೆಟ್ಟದಂತೆ ತೋರುವುದು.
7. ‘ನನ್ನಿಂದಲೇ ಮನೆ ಹಾಳಾಯಿತು’, ‘ನಾನಿದ್ದು ಏನು ಪ್ರಯೋಜನ’ ಎಂಬ ಮಾತುಗಳು.
8. ದೂರವಾಣಿ ಕರೆಗಳನ್ನು ಸ್ವೀಕರಿಸದಿರುವುದು, ಜನರನ್ನು ತಪ್ಪಿಸಿಕೊಂಡು ಓಡಾಡುವುದು.

ಇವುಗಳಲ್ಲಿ ಹಲವು ಲಕ್ಷಣಗಳು ಎರಡು ವಾರಗಳಿಂದ ಒಟ್ಟಿಗೆ ಇದ್ದರೆ ತಡಮಾಡದೆ ನೆರವು ಪಡೆಯಬೇಕು. ಏಳನೆಯ ಲಕ್ಷಣ ಕಂಡಲ್ಲಿ ಎರಡು ವಾರ ಕಾಯುವ ಅಗತ್ಯವೂ ಇಲ್ಲ.

ಡಿಜಿಟಲ್ ತಂತ್ರಜ್ಞಾನ ಏಕೆ ಬೇಕು?

ದೊಡ್ಡ ಆಸ್ಪತ್ರೆಯ ಗೋಡೆಗಳಿಂದ ಮಾನಸಿಕ ಚಿಕಿತ್ಸೆಯನ್ನು ಹಳ್ಳಿಗೆ ತರುವ ಪ್ರಯತ್ನದಲ್ಲಿ ಕರ್ನಾಟಕಕ್ಕೆ ಹಿರಿದಾದ ಇತಿಹಾಸವಿದೆ. 1970ರ ದಶಕದ ಮಧ್ಯಭಾಗದಲ್ಲಿ ನಿಮ್ಹಾನ್ಸ್ ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಗ್ರಾಮೀಣ ಘಟಕವನ್ನು ಆರಂಭಿಸಿತು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಮತ್ತು ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ನೀಡಿ ಮಾನಸಿಕ ಕಾಯಿಲೆಗಳಿಗೆ ಚಿಕಿತ್ಸೆ ಕೊಡಿಸಲಾಯಿತು. ಇದೇ ‘ಬಳ್ಳಾರಿ ಮಾದರಿ’ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬುನಾದಿಯಾಯಿತು. ಶಿವಮೊಗ್ಗದ ಮನೋವೈದ್ಯರಾಗಿದ್ದ ಡಾ. ಕೆ. ಎ. ಅಶೋಕ್ ಪೈ ಅವರು ಬರಹ ಮತ್ತು ಚಲನಚಿತ್ರಗಳ ಮೂಲಕ ಮನೋವೈದ್ಯಕೀಯವನ್ನು ಸಾಮಾನ್ಯ ಜನರ ಮನೆಮಾತಾಗಿಸಲು ಶ್ರಮಿಸಿದರು. ರಾಜ್ಯದ ‘ಮನೋಚೈತನ್ಯ’ ಕಾರ್ಯಕ್ರಮದಡಿ ನಿಗದಿತ ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೆ ಬಂದು ರೋಗಿಗಳನ್ನು ನೋಡುವ ವ್ಯವಸ್ಥೆಯೂ ಇದೆ.

ಇಷ್ಟಾದರೂ ಮೂರು ಅಡ್ಡಿಗಳು ಉಳಿದಿವೆ.

ಮೊದಲನೆಯದು ದೂರ. ಜಡೆಯ ಸುತ್ತಲಿನ ಊರಿನಿಂದ ಶಿವಮೊಗ್ಗದ ಮೆಗ್ಗಾನ್ ಬೋಧನಾ ಆಸ್ಪತ್ರೆಗೆ ಹೋಗಿಬರಲು ಒಂದು ದಿನದ ಕೆಲಸ ಬಿಡಬೇಕು. ನಾಟಿ ಅಥವಾ ಕೊಯ್ಲಿನ ಕಾಲದಲ್ಲಿ ಅದು ಸಾಧ್ಯವಾಗುವುದಿಲ್ಲ. ಎರಡನೆಯದು ತಜ್ಞರ ಕೊರತೆ. ಮನೋವೈದ್ಯರಲ್ಲಿ ಹೆಚ್ಚಿನವರು ನಗರಗಳಲ್ಲಿದ್ದಾರೆ. ಮೂರನೆಯದು ಸಂಕೋಚ. ತಾಲ್ಲೂಕು ಆಸ್ಪತ್ರೆಯ ಆ ಕೊಠಡಿಯ ಮುಂದೆ ಕುಳಿತಿದ್ದನ್ನು ಪರಿಚಯದವರು ಕಂಡರೆ ಮಗಳ ಮದುವೆ ಮಾತುಕತೆಗೆ ತೊಡಕಾದೀತೆಂದು ಹೆದರುವವರಿದ್ದಾರೆ.

ದೂರವಾಣಿಯು ಈ ಮೂರು ಅಡ್ಡಿಗಳನ್ನೂ ಸ್ವಲ್ಪಮಟ್ಟಿಗೆ ತಗ್ಗಿಸುತ್ತದೆ. ಕಣದಲ್ಲಿ ಕುಳಿತು, ರಾತ್ರಿ ಹನ್ನೊಂದಕ್ಕೆ, ಯಾರಿಗೂ ತಿಳಿಯದಂತೆ, ಕನ್ನಡದಲ್ಲಿ ಮಾತನಾಡಬಹುದು.

ಈಗ ಲಭ್ಯವಿರುವ ಸೌಲಭ್ಯಗಳು

1. ಟೆಲಿ-ಮಾನಸ್ ಸಹಾಯವಾಣಿ: 14416

ಕೇಂದ್ರ ಸರ್ಕಾರವು 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು, ಈ ಸೇವೆಯನ್ನು ಆರಂಭಿಸಿತು. ನಿಮ್ಹಾನ್ಸ್ ಇದರ ರಾಷ್ಟ್ರೀಯ ಮುಖ್ಯ ಕೇಂದ್ರವಾಗಿದ್ದು, ತಾಂತ್ರಿಕ ನೆರವನ್ನು ಬೆಂಗಳೂರಿನ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆ ಒದಗಿಸುತ್ತಿದೆ. ದಿನದ 24 ಗಂಟೆಯೂ ಉಚಿತವಾಗಿ ದೊರೆಯುವ ಈ ಸೇವೆಗೆ 14416 ಅಥವಾ 1800-89-14416 ಸಂಖ್ಯೆಗೆ ಕರೆ ಮಾಡಬೇಕು. ಇದಕ್ಕೆ ಸ್ಮಾರ್ಟ್‌ಫೋನ್ ಆಗಲಿ ಇಂಟರ್ನೆಟ್ ಆಗಲಿ ಬೇಕಿಲ್ಲ. ಗುಂಡಿ ಒತ್ತುವ ಸಾದಾ ಮೊಬೈಲ್ ಸಾಕು.

ಕರೆ ನಡೆಯುವ ಕ್ರಮ ಹೀಗಿದೆ. ಮೊದಲು ಭಾಷೆಯನ್ನು ಆರಿಸಿಕೊಳ್ಳಬೇಕು. ಬಳಿಕ ತರಬೇತಿ ಪಡೆದ ಆಪ್ತಸಮಾಲೋಚಕರು ಮಾತನಾಡುತ್ತಾರೆ. ಅವರು ನಿಮ್ಮ ನಿದ್ದೆ, ಊಟ, ಕೆಲಸ, ಮನಸ್ಸಿನಲ್ಲಿ ಬರುವ ಯೋಚನೆಗಳ ಬಗ್ಗೆ ಕೇಳುತ್ತಾರೆ. ಸಮಾಲೋಚನೆ ಸಾಕಾಗುವುದಾದರೆ ಅಲ್ಲಿಯೇ ಸಲಹೆ ನೀಡುತ್ತಾರೆ. ಅಗತ್ಯವಿದ್ದರೆ ಮನಶ್ಶಾಸ್ತ್ರಜ್ಞರಿಗೆ ಅಥವಾ ಮನೋವೈದ್ಯರಿಗೆ ಕರೆಯನ್ನು ವರ್ಗಾಯಿಸುತ್ತಾರೆ ಅಥವಾ ಸಮೀಪದ ಆಸ್ಪತ್ರೆಯನ್ನು ಸೂಚಿಸುತ್ತಾರೆ. ರೋಗಿಯೇ ಕರೆ ಮಾಡಬೇಕೆಂದಿಲ್ಲ. ‘ನಮ್ಮ ಯಜಮಾನರು ಹೀಗಿದ್ದಾರೆ, ನಾನೇನು ಮಾಡಲಿ’ ಎಂದು ಹೆಂಡತಿಯೂ, ‘ಅಪ್ಪ ಮಾತೇ ಆಡುತ್ತಿಲ್ಲ’ ಎಂದು ಮಗನೂ ಕರೆ ಮಾಡಿ ಸಲಹೆ ಪಡೆಯಬಹುದು. 2024ರ ಅಕ್ಟೋಬರ್‌ನಿಂದ ಟೆಲಿ-ಮಾನಸ್ ಆ್ಯಪ್ ಕೂಡ ಬಳಕೆಗೆ ಬಂದಿದೆ.

2. ಇ-ಸಂಜೀವಿನಿ

ಇದು ಸರ್ಕಾರದ ದೂರವೈದ್ಯಕೀಯ ಸೇವೆ. ಸ್ವತಃ ಮನೆಯಿಂದ ವಿಡಿಯೊ ಮೂಲಕ ವೈದ್ಯರನ್ನು ಕಾಣಬಹುದು. ಇಲ್ಲವೇ ಸಮೀಪದ ಆಯುಷ್ಮಾನ್ ಆರೋಗ್ಯ ಮಂದಿರಕ್ಕೆ ಹೋದರೆ ಅಲ್ಲಿನ ಸಿಬ್ಬಂದಿಯೇ ದೊಡ್ಡ ಆಸ್ಪತ್ರೆಯ ವೈದ್ಯರೊಂದಿಗೆ ಸಂಪರ್ಕ ಕಲ್ಪಿಸಿಕೊಡುತ್ತಾರೆ. ಮನೆಯಲ್ಲಿ ಇಂಟರ್ನೆಟ್ ಸಿಗದವರಿಗೆ, ಫೋನ್ ಬಳಕೆ ತಿಳಿಯದ ಹಿರಿಯರಿಗೆ ಎರಡನೆಯ ವಿಧಾನವೇ ಅನುಕೂಲ. 2020ರ ಮಾರ್ಚ್‌ನಲ್ಲಿ ಹೊರಬಂದ ದೂರವೈದ್ಯಕೀಯ ಮಾರ್ಗಸೂಚಿಯ ಪ್ರಕಾರ ನೋಂದಾಯಿತ ವೈದ್ಯರು ಹೀಗೆ ಪರೀಕ್ಷಿಸಿ ಔಷಧಿ ಬರೆದುಕೊಡಲು ಅವಕಾಶವಿದೆ. ಆದರೆ ಕೆಲವು ನಿಯಂತ್ರಿತ ಔಷಧಿಗಳನ್ನು ನೇರವಾಗಿ ನೋಡದೆ ಬರೆಯುವಂತಿಲ್ಲ. ಅಂತಹ ಸಂದರ್ಭದಲ್ಲಿ ಆಸ್ಪತ್ರೆಗೆ ಹೋಗಲೇಬೇಕು.

3. ಒಂಬತ್ತು ಪ್ರಶ್ನೆಗಳ ಸ್ವಯಂ ಪರೀಕ್ಷೆ

ಪಿಎಚ್‌ಕ್ಯೂ-9 ಎಂಬ ಪ್ರಶ್ನಾವಳಿಯನ್ನು 2001ರಿಂದ ಜಗತ್ತಿನಾದ್ಯಂತ ಬಳಸಲಾಗುತ್ತಿದೆ. ಕಳೆದ ಎರಡು ವಾರಗಳಲ್ಲಿ ಆಸಕ್ತಿ, ಬೇಸರ, ನಿದ್ದೆ, ಸುಸ್ತು, ಹಸಿವು, ತಪ್ಪಿತಸ್ಥ ಭಾವನೆ, ಏಕಾಗ್ರತೆ, ನಡೆನುಡಿಯ ನಿಧಾನ ಅಥವಾ ಚಡಪಡಿಕೆ ಹಾಗೂ ಬದುಕು ಬೇಡವೆನ್ನುವ ಯೋಚನೆ ಎಷ್ಟು ದಿನ ಕಾಡಿದವು ಎಂಬುದನ್ನು ಇದು ಕೇಳುತ್ತದೆ. ಪ್ರತಿ ಉತ್ತರಕ್ಕೆ 0ಯಿಂದ 3 ಅಂಕ, ಒಟ್ಟು 27 ಅಂಕ.

5ರಿಂದ 9 ಅಂಕ ಬಂದರೆ ಸೌಮ್ಯ ಹಂತ. ದಿನಚರಿ ಸರಿಪಡಿಸಿಕೊಂಡು ಎರಡು ವಾರದ ನಂತರ ಮತ್ತೆ ಪರೀಕ್ಷಿಸಿಕೊಳ್ಳಬೇಕು.
10ರಿಂದ 14 ಅಂಕ ಬಂದರೆ ಮಧ್ಯಮ ಹಂತ. ವೈದ್ಯರನ್ನು ಅಥವಾ 14416ನ್ನು ಸಂಪರ್ಕಿಸಬೇಕು.
15 ಮತ್ತು ಅದಕ್ಕಿಂತ ಹೆಚ್ಚು ಅಂಕ ಬಂದರೆ ತೀವ್ರತೆ ಹೆಚ್ಚು. ಕೂಡಲೇ ವೈದ್ಯರನ್ನು ಕಾಣಬೇಕು.
ಕೊನೆಯ ಪ್ರಶ್ನೆಗೆ 0ಯನ್ನು ಬಿಟ್ಟು ಬೇರೆ ಯಾವ ಉತ್ತರ ಬಂದರೂ, ಒಟ್ಟು ಅಂಕ ಎಷ್ಟೇ ಇರಲಿ, ಅದೇ ದಿನ ನೆರವು ಪಡೆಯಬೇಕು.

ಇದು ಮಣ್ಣು ಪರೀಕ್ಷೆಯ ಚೀಟಿಯಂತೆ ಒಂದು ಸೂಚನೆ ಮಾತ್ರ. ಕಾಯಿಲೆ ಇದೆಯೋ ಇಲ್ಲವೋ ಎಂಬುದನ್ನು ನಿರ್ಧರಿಸುವವರು ವೈದ್ಯರೇ.

4. ಹಂತಹಂತವಾದ ಸ್ವಸಹಾಯ ಕಾರ್ಯಕ್ರಮಗಳು

ಸೌಮ್ಯ ಮತ್ತು ಮಧ್ಯಮ ಹಂತದ ಖಿನ್ನತೆಗೆ ಮಾತಿನ ಚಿಕಿತ್ಸೆ ಪರಿಣಾಮಕಾರಿ. ಅದನ್ನು ಪಾಠಗಳ ರೂಪದಲ್ಲಿ ಮೊಬೈಲಿಗೆ ಅಳವಡಿಸುವ ಕೆಲಸ ಎರಡು ದಶಕಗಳಿಂದ ನಡೆದಿದೆ. ವಿಶ್ವ ಆರೋಗ್ಯ ಸಂಸ್ಥೆಯು ಲೆಬನಾನ್ ದೇಶದ ಆರೋಗ್ಯ ಸಚಿವಾಲಯದ ಜೊತೆ ‘ಸ್ಟೆಪ್ ಬೈ ಸ್ಟೆಪ್’ ಎಂಬ ಕಾರ್ಯಕ್ರಮವನ್ನು ಯುದ್ಧ ಮತ್ತು ಆರ್ಥಿಕ ಕುಸಿತದಿಂದ ನೊಂದ ಜನರ ನಡುವೆ ಪ್ರಯೋಗಿಸಿ ನೋಡಿತು. ಖಿನ್ನತೆ ಕಡಿಮೆಯಾದದ್ದು ಕಂಡುಬಂದಿತು. ಅಲ್ಲಿ ಜನ ಆ್ಯಪ್ ಒಂದನ್ನೇ ನೆಚ್ಚಿರಲಿಲ್ಲ. ತರಬೇತಿ ಪಡೆದ ಸಹಾಯಕರೊಬ್ಬರು ವಾರಕ್ಕೊಮ್ಮೆ ಕೆಲವು ನಿಮಿಷ ಅವರನ್ನು ವಿಚಾರಿಸಿಕೊಳ್ಳುತ್ತಿದ್ದರು. ವಿಚಾರಿಸುವ ಮನುಷ್ಯರಿದ್ದಾಗ ಇಂತಹ ಕಾರ್ಯಕ್ರಮಗಳು ಹೆಚ್ಚು ಫಲ ಕೊಡುತ್ತವೆ. ಇಲ್ಲದಿದ್ದರೆ ಬಹಳಷ್ಟು ಜನ ಅರ್ಧಕ್ಕೇ ಬಿಡುತ್ತಾರೆ.

ಈ ಪಾಠಗಳ ತಿರುಳು ಸರಳವಾಗಿದೆ. ಮನಸ್ಸು ಕುಗ್ಗಿದಾಗ ಕೆಲಸ ಬಿಡುತ್ತೇವೆ, ಕೆಲಸ ಬಿಟ್ಟಾಗ ಮನಸ್ಸು ಇನ್ನಷ್ಟು ಕುಗ್ಗುತ್ತದೆ. ಈ ಸುತ್ತನ್ನು ಮುರಿಯಲು, ಉತ್ಸಾಹ ಬರಲಿ ಎಂದು ಕಾಯದೆ, ದಿನಕ್ಕೊಂದು ಸಣ್ಣ ಕೆಲಸವನ್ನು ನಿಗದಿ ಮಾಡಿ ಮುಗಿಸಬೇಕು. ಮೊದಲ ದಿನ ಹತ್ತು ಅಡಿಕೆ ಮರಗಳ ಬುಡ ನೋಡಿ ಬರುವುದು, ಎರಡನೆಯ ದಿನ ಹಸುವಿನ ಮೈ ತೊಳೆಯುವುದು, ಮೂರನೆಯ ದಿನ ಡೇರಿಯವರೆಗೆ ನಡೆದು ಇಬ್ಬರೊಂದಿಗೆ ಮಾತನಾಡಿ ಬರುವುದು. ಇದನ್ನು ಮೊಬೈಲಿನಲ್ಲಿ ಅಲಾರಂ ಇಟ್ಟು, ಮುಗಿದ ಮೇಲೆ ಗುರುತು ಹಾಕಿಕೊಂಡು ಮಾಡಬಹುದು. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಇದೇ ತತ್ವದ ಚಿಕಿತ್ಸೆಯನ್ನು ಮನೋವೈದ್ಯರಲ್ಲದ, ತರಬೇತಿ ಪಡೆದ ಸ್ಥಳೀಯ ಸಮಾಲೋಚಕರೇ ನೀಡಿ ಯಶಸ್ಸು ಕಂಡಿದ್ದಾರೆ.

5. ಆಶಾ ಕಾರ್ಯಕರ್ತೆಯರ ಕೈಯಲ್ಲಿನ ಟ್ಯಾಬ್

ಆಂಧ್ರಪ್ರದೇಶ ಮತ್ತು ಹರಿಯಾಣದ 44 ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯಲ್ಲಿ ನಡೆದ ಅಧ್ಯಯನವೊಂದರಲ್ಲಿ ಆಶಾ ಕಾರ್ಯಕರ್ತೆಯರು ಟ್ಯಾಬ್ ಬಳಸಿ ಖಿನ್ನತೆಯ ಅಪಾಯದಲ್ಲಿರುವವರನ್ನು ಗುರುತಿಸಿದರು. ವೈದ್ಯರಿಗೆ ಯಾವ ಚಿಕಿತ್ಸೆ ಸೂಕ್ತವೆಂದು ಸೂಚಿಸುವ ವ್ಯವಸ್ಥೆಯೂ, ಯಾರು ಮತ್ತೆ ಬಂದಿಲ್ಲವೆಂದು ಆಶಾ ಅವರಿಗೆ ನೆನಪಿಸುವ ವ್ಯವಸ್ಥೆಯೂ ಅದರಲ್ಲಿತ್ತು. ಜೊತೆಗೆ ಊರುಗಳಲ್ಲಿ ತಪ್ಪು ಕಲ್ಪನೆ ಹೋಗಲಾಡಿಸುವ ಪ್ರಚಾರವನ್ನೂ ನಡೆಸಲಾಯಿತು. ಒಂದು ವರ್ಷದ ನಂತರ, ಈ ನೆರವು ಪಡೆದ ಊರುಗಳಲ್ಲಿ ಗುಣಮುಖರಾದವರ ಪ್ರಮಾಣ ಇತರ ಊರುಗಳಿಗಿಂತ ಸ್ಪಷ್ಟವಾಗಿ ಹೆಚ್ಚಿತ್ತು. ನಮ್ಮ ಊರುಗಳ ಆಶಾ ಕಾರ್ಯಕರ್ತೆಯರನ್ನೂ ನೀವು ಈ ವಿಷಯದಲ್ಲಿ ನಿಸ್ಸಂಕೋಚವಾಗಿ ಕೇಳಬಹುದು.

6. ಮಾತನಾಡುವ ಆ್ಯಪ್‌ಗಳು

ಬೆಂಗಳೂರಿನಲ್ಲಿ ರೂಪುಗೊಂಡ ವೈಸಾ ಸೇರಿದಂತೆ, ಬರೆದ ಮಾತಿಗೆ ಕೃತಕ ಬುದ್ಧಿಮತ್ತೆಯಿಂದ ಉತ್ತರಿಸುವ ಹಲವು ಆ್ಯಪ್‌ಗಳಿವೆ. ಯೋಚನೆಗಳನ್ನು ಬರೆದುಕೊಳ್ಳಲು, ಉಸಿರಾಟದ ಅಭ್ಯಾಸ ಕಲಿಯಲು ಇವು ನೆರವಾಗಬಲ್ಲವು. ಆದರೆ ಯಂತ್ರವು ನಿಮ್ಮ ಮನೆಗೆ ಬರಲಾರದು, ನಿಮ್ಮ ಸ್ಥಿತಿಗೆ ಹೊಣೆ ಹೊರಲಾರದು. ತುರ್ತು ಸಮಯದಲ್ಲಿ ಇವುಗಳನ್ನು ನೆಚ್ಚಬಾರದು.

ಒಂದು ಉದಾಹರಣೆ

ಜಡೆ ಹೋಬಳಿಯ ಒಬ್ಬ ರೈತರನ್ನು ಊಹಿಸಿಕೊಳ್ಳಿ. ಎರಡು ಎಕರೆ ಗದ್ದೆ, ಸ್ವಲ್ಪ ಮೆಕ್ಕೆಜೋಳ, ಕಳೆದ ಬಾರಿ ಬಾಡಿಗೆ ಜಮೀನಿನಲ್ಲಿ ಹಾಕಿದ ಶುಂಠಿ. ಶುಂಠಿ ಕೊಳೆಯಿತು, ಸಹಕಾರ ಸಂಘದ ಸಾಲದ ಕಂತು ಬಾಕಿಯಾಯಿತು. ಜುಲೈ ಬಂದರೂ ಅವರು ನಾಟಿಗೆ ಆಳು ಗೊತ್ತುಮಾಡಿಲ್ಲ. ರಾತ್ರಿ ಎರಡಕ್ಕೆ ಎದ್ದು ಜಗುಲಿಯಲ್ಲಿ ಕೂರುತ್ತಾರೆ. ಫೋನ್ ಬಂದರೆ ಸಾಲದವರೇ ಇರಬೇಕೆಂದು ಎತ್ತುವುದಿಲ್ಲ.

ಇಲ್ಲಿ ಏನಾಗಬೇಕು? ಮೊದಲು ಒಬ್ಬರು ಕೇಳಬೇಕು. ಪಕ್ಕದ ಗದ್ದೆಯವರು, ‘ಅಣ್ಣ, ಈ ನಡುವೆ ಗದ್ದೆ ಕಡೆ ಕಾಣ್ತಾನೇ ಇಲ್ಲ, ನಿದ್ದೆ ಸರಿಯಾಗಿ ಬರ್ತಿದೆಯಾ?’ ಎಂದು ಕೇಳಿ ಉತ್ತರಕ್ಕೆ ಕಾಯಬೇಕು. ಉಪದೇಶ ಬೇಡ. ಬಳಿಕ ಅವರ ಎದುರಿನಲ್ಲೇ 14416ಕ್ಕೆ ಕರೆ ಮಾಡಿ ಫೋನನ್ನು ಅವರ ಕೈಗೆ ಕೊಟ್ಟು, ಮಾತು ಕೇಳಿಸದಷ್ಟು ದೂರ ಹೋಗಿ ಕೂರಬಹುದು. ಸಮಾಲೋಚಕರು ತಾಲ್ಲೂಕು ಆಸ್ಪತ್ರೆಗೆ ಹೋಗಲು ಸೂಚಿಸಿದರೆ ಮುಂದಿನ ಭೇಟಿಯ ದಿನ ಜೊತೆಗೆ ಹೋಗಬಹುದು. ಔಷಧಿ ಆರಂಭವಾದರೆ ಮಗಳು ಅಪ್ಪನ ಮೊಬೈಲಿನಲ್ಲಿ ರಾತ್ರಿ ಊಟದ ಸಮಯಕ್ಕೆ ಅಲಾರಂ ಇಡಬಹುದು. ಅದೇ ವಾರ ಸಹಕಾರ ಸಂಘದ ಕಾರ್ಯದರ್ಶಿಯನ್ನು ಕಂಡು ಸಾಲದ ಅವಧಿಯ ಬಗ್ಗೆಯೂ ಮಾತನಾಡಬೇಕು. ಖಿನ್ನತೆಗೆ ಚಿಕಿತ್ಸೆಯಾದ ಮಾತ್ರಕ್ಕೆ ಸಾಲ ತೀರುವುದಿಲ್ಲ. ಆದರೆ ಮನಸ್ಸು ಸ್ಥಿಮಿತಕ್ಕೆ ಬಂದವರು ಮಾತ್ರ ಸಾಲದ ಲೆಕ್ಕವನ್ನು ಎದುರಿಸಿ ಕೂರಬಲ್ಲರು. ಆದ್ದರಿಂದ ಎರಡೂ ಕೆಲಸ ಒಟ್ಟಿಗೆ ಸಾಗಬೇಕು.

ಔಷಧಿಯ ಬಗ್ಗೆ ತಿಳಿದಿರಬೇಕಾದ ಅಂಶಗಳು

ಖಿನ್ನತೆ ನಿವಾರಕ ಔಷಧಿಗಳು ತಕ್ಷಣ ಕೆಲಸ ಮಾಡುವುದಿಲ್ಲ. ಪರಿಣಾಮ ಕಾಣಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಬೇಕು. ಮೊದಲ ವಾರದಲ್ಲಿ ಹೊಟ್ಟೆ ತೊಳಸುವಿಕೆ, ತಲೆನೋವಿನಂತಹ ಸಣ್ಣ ತೊಂದರೆಗಳು ಬರಬಹುದು. ಹೆಚ್ಚಿನವರಲ್ಲಿ ಅವು ತಾವಾಗಿ ಇಳಿಯುತ್ತವೆ. ಗುಣವಾಯಿತೆಂದು ಕೂಡಲೇ ನಿಲ್ಲಿಸಬಾರದು. ಗುಣ ಕಂಡ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಿ, ವೈದ್ಯರ ಸಲಹೆಯಂತೆ ಹಂತಹಂತವಾಗಿ ಕಡಿಮೆ ಮಾಡಬೇಕು. ಇವು ಮದ್ಯದಂತೆ ಚಟ ಹಿಡಿಸುವ ಔಷಧಿಗಳಲ್ಲ. ಔಷಧಿ ತೆಗೆದುಕೊಳ್ಳುವ ಅವಧಿಯಲ್ಲಿ ಮದ್ಯಪಾನ ಮಾಡಬಾರದು. ದೂರವಾಣಿಯ ಮೂಲಕ ಮರುಪರೀಕ್ಷೆ ಮಾಡಿಸಿಕೊಳ್ಳುವಾಗ ಹಿಂದಿನ ಚೀಟಿ ಮತ್ತು ಮಾತ್ರೆಯ ಹಾಳೆ ಕೈಯಲ್ಲಿರಲಿ.

ತಡೆಗಟ್ಟುವ ಕ್ರಮಗಳು: ಮೊಬೈಲ್ ಬಳಕೆಯಲ್ಲಿ ವಹಿಸಬೇಕಾದ ಎಚ್ಚರ

ಅದೇ ಮೊಬೈಲ್ ಮನಸ್ಸನ್ನು ಕೆಡಿಸಲೂಬಹುದು. ಆದ್ದರಿಂದ ಕೆಳಗಿನ ಕ್ರಮಗಳನ್ನು ಅನುಸರಿಸಬೇಕು.

1. ದಿಢೀರ್ ಸಾಲ ನೀಡುವ ಅನಧಿಕೃತ ಆ್ಯಪ್‌ಗಳಿಂದ ದೂರವಿರಿ. ಇವು ಫೋನಿನಲ್ಲಿರುವ ಸಂಪರ್ಕ ಸಂಖ್ಯೆ ಮತ್ತು ಫೋಟೊಗಳನ್ನು ಪಡೆದು ನಂಟರಿಷ್ಟರ ಮುಂದೆ ಮಾನ ಕಳೆಯುವುದಾಗಿ ಬೆದರಿಸುತ್ತವೆ. ಸಾಲದ ಆ್ಯಪ್‌ಗಳು ಫೋನಿನ ಸಂಪರ್ಕ ಪಟ್ಟಿ, ಕರೆ ವಿವರ ಮತ್ತು ಫೋಟೊಗಳನ್ನು ನೋಡಬಾರದೆಂದು ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರ್‌ನ ಮಾರ್ಗಸೂಚಿಯಲ್ಲಿ ತಿಳಿಸಿದೆ. ಬೆದರಿಕೆ ಅಥವಾ ವಂಚನೆ ನಡೆದರೆ 1930 ಸೈಬರ್ ಸಹಾಯವಾಣಿಗೆ ದೂರು ನೀಡಿ. ತಪ್ಪು ಮಾಡಿದವರು ಬೆದರಿಸುವವರು, ನೀವಲ್ಲ.
2. ಬೆಲೆ ಕುಸಿತದ ಗಾಳಿಮಾತುಗಳನ್ನು ವಾಟ್ಸ್ಆ್ಯಪ್‌ನಲ್ಲಿ ನಂಬಬೇಡಿ, ಮುಂದೆ ಕಳುಹಿಸಲೂಬೇಡಿ. ಮಾರುಕಟ್ಟೆ ದರವನ್ನು ದಿನಕ್ಕೊಮ್ಮೆ, ಅಧಿಕೃತ ಮೂಲದಿಂದ ನೋಡಿದರೆ ಸಾಕು.
3. ಮಲಗುವ ಒಂದು ಗಂಟೆ ಮೊದಲು ಮೊಬೈಲ್ ಬದಿಗಿಡಿ. ನಿದ್ದೆ ಕೆಡುವುದು ಖಿನ್ನತೆಯ ಲಕ್ಷಣವೂ ಹೌದು, ಅದಕ್ಕೆ ದಾರಿ ಮಾಡಿಕೊಡುವ ಕಾರಣವೂ ಹೌದು.
4. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳಿಂದ ಸಾಲ ತೀರಿಸುವ ಯೋಚನೆ ಬೇಡ.
5. ದಿನಕ್ಕೊಬ್ಬ ಆಪ್ತರಿಗೆ ಕರೆ ಮಾಡಿ ಮಾತನಾಡಿ. ನೂರು ಸಂದೇಶಕ್ಕಿಂತ ಒಂದು ದನಿ ಮೇಲು.
6. ಕೀಟನಾಶಕಗಳನ್ನು ಮನೆಯೊಳಗೆ ಇಡಬೇಡಿ. ಬೀಗವಿರುವ ಪೆಟ್ಟಿಗೆಯಲ್ಲಿಟ್ಟು, ಕೀಲಿಯನ್ನು ಜವಾಬ್ದಾರಿಯುತರೊಬ್ಬರು ಇಟ್ಟುಕೊಳ್ಳಲಿ. ಬೇಕಾದಷ್ಟನ್ನು ಮಾತ್ರ ಖರೀದಿಸಿ. ಮನಸ್ಸಿನ ತೀವ್ರ ಸಂಕಟ ಅನೇಕ ವೇಳೆ ಕೆಲವೇ ಗಂಟೆಗಳಲ್ಲಿ ಇಳಿಯುತ್ತದೆ. ಆ ಹೊತ್ತಿನಲ್ಲಿ ಅಪಾಯದ ವಸ್ತು ಕೈಗೆಟುಕದಿದ್ದರೆ ಜೀವ ಉಳಿಯುತ್ತದೆ.

ವಿಸ್ತರಣಾ ಕಾರ್ಯಕರ್ತರಿಗೆ ಸೂಚನೆಗಳು

ರೈತರ ಮನೆಯಂಗಳಕ್ಕೆ ವರ್ಷವಿಡೀ ಹೋಗುವವರು ನೀವು. ಬೆಳೆಯಲ್ಲಿ ಆದ ಬದಲಾವಣೆಯ ಹಿಂದೆ ಬೆಳೆಗಾರನಲ್ಲಿ ಆದ ಬದಲಾವಣೆಯನ್ನು ಮೊದಲು ಕಾಣಬಲ್ಲವರೂ ನೀವೇ.

ಮಾಡಬೇಕಾದವು:
1. ಬೆಳೆಯ ಬಗ್ಗೆ ವಿಚಾರಿಸಿದ ಮೇಲೆ ನಿದ್ದೆ ಮತ್ತು ಊಟದ ಬಗ್ಗೆಯೂ ವಿಚಾರಿಸಿ.
2. ಅನುಮಾನ ಬಂದರೆ ನೇರವಾಗಿ, ಸಮಾಧಾನದಿಂದ ಕೇಳಿ: ‘ಬದುಕೇ ಬೇಡ ಅನ್ನುವಷ್ಟು ಬೇಸರ ಆಗಿದೆಯೇ?’ ಹೀಗೆ ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಇರುವ ಭಾರವನ್ನು ಇಳಿಸಿಕೊಳ್ಳಲು ಅವಕಾಶ ಸಿಗುತ್ತದೆ.
3. ತರಬೇತಿ ಮತ್ತು ಕ್ಷೇತ್ರೋತ್ಸವಗಳ ಕೊನೆಯಲ್ಲಿ 14416 ಸಂಖ್ಯೆಯನ್ನು ಎಲ್ಲರ ಮೊಬೈಲಿನಲ್ಲಿ ಉಳಿಸಿಸಿ. ಎಲ್ಲರಿಗೂ ಒಟ್ಟಿಗೆ ಮಾಡಿಸಿದರೆ ಯಾರಿಗೂ ಮುಜುಗರವಿರುವುದಿಲ್ಲ.
4. ನೆರವಿಗೆ ಕಳುಹಿಸಿದವರನ್ನು ಒಂದು ವಾರದೊಳಗೆ ಮತ್ತೆ ವಿಚಾರಿಸಿ.

ಮಾಡಬಾರದವು:
1. ಒಬ್ಬರ ಸ್ಥಿತಿಯನ್ನು, ಅಂಕಗಳನ್ನು, ಫೋಟೊವನ್ನು ರೈತರ ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಕಬಾರದು. ಗೋಪ್ಯತೆಯು 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆ ನೀಡಿರುವ ಹಕ್ಕು.
2. ‘ಧೈರ್ಯ ತಂದುಕೊಳ್ಳಿ’, ‘ನಿಮಗಿಂತ ಕಷ್ಟದಲ್ಲಿರುವವರಿಲ್ಲವೇ’ ಎಂದು ಹೇಳಿ ಮಾತು ಮುಗಿಸಬಾರದು.
3. ಊರಿನಲ್ಲಿ ಸಾವು ಸಂಭವಿಸಿದ್ದರೆ ಅದರ ವಿವರ, ವಿಧಾನ, ಚಿತ್ರಗಳನ್ನು ಹಂಚಬಾರದು.
4. ಚಿಕಿತ್ಸಕರ ಪಾತ್ರವನ್ನು ತಾವೇ ವಹಿಸಿಕೊಳ್ಳಬಾರದು. ಕೇಳಿಸಿಕೊಳ್ಳುವುದು ಮತ್ತು ತಲುಪಿಸುವುದು ನಿಮ್ಮ ಕೆಲಸ.

ಇತರರ ಸಂಕಟವನ್ನು ದಿನವೂ ಕೇಳುವ ನಿಮಗೂ ಬಳಲಿಕೆ ಬರಬಹುದು. 14416 ನಿಮಗೂ ಇದೆ.

ಸೌಲಭ್ಯದ ಮಿತಿಗಳು

ಅರೆಮಲೆನಾಡಿನ ಹಲವು ಊರುಗಳಲ್ಲಿ ಮಳೆಗಾಲದಲ್ಲಿ ಸಿಗ್ನಲ್ ಸಿಗುವುದಿಲ್ಲ, ವಿದ್ಯುತ್ ಇರುವುದಿಲ್ಲ. ಅನೇಕ ಮನೆಗಳಲ್ಲಿ ಒಂದೇ ಮೊಬೈಲ್, ಅದೂ ಗಂಡಸರ ಜೇಬಿನಲ್ಲಿ. ಮನೆಯ ಹೆಣ್ಣುಮಕ್ಕಳಿಗೆ ಒಂಟಿಯಾಗಿ ಮಾತನಾಡಲು ಜಾಗವೇ ಸಿಗದಿರಬಹುದು. ಸ್ತ್ರೀಶಕ್ತಿ ಸಂಘ, ಅಂಗನವಾಡಿ ಅಥವಾ ಆರೋಗ್ಯ ಕೇಂದ್ರದಲ್ಲಿ ಅವರಿಗೆ ಖಾಸಗಿಯಾಗಿ ಕರೆ ಮಾಡಲು ಅನುವು ಮಾಡಿಕೊಡುವುದು ಒಳ್ಳೆಯ ಕ್ರಮ. ಯಾವುದೇ ಆ್ಯಪ್ ಹಾಕಿಕೊಳ್ಳುವ ಮುನ್ನ ಅದನ್ನು ನಡೆಸುವವರು ಯಾರು, ಮಾಹಿತಿ ಎಲ್ಲಿಗೆ ಹೋಗುತ್ತದೆ, ಹಣ ಕೇಳುತ್ತದೆಯೇ ಎಂಬುದನ್ನು ತಿಳಿದವರಿಂದ ವಿಚಾರಿಸಿಕೊಳ್ಳಿ.

ಕೆಳಗಿನ ಸಂದರ್ಭಗಳಲ್ಲಿ ಫೋನಿನ ಚಿಕಿತ್ಸೆ ಸಾಲದು, ನೇರವಾಗಿ ಆಸ್ಪತ್ರೆಗೆ ಕರೆದೊಯ್ಯಬೇಕು:
1. ಜೀವ ಕಳೆದುಕೊಳ್ಳುವ ಮಾತು, ಸಿದ್ಧತೆ ಅಥವಾ ಪ್ರಯತ್ನ.
2. ಊಟ, ನೀರು ಬಿಟ್ಟಿರುವುದು.
3. ಇಲ್ಲದ ದನಿ ಕೇಳಿಸುವುದು, ಅತಿಯಾದ ಅನುಮಾನ.
4. ಹೆರಿಗೆಯಾದ ತಾಯಿಯು ಮಗುವಿನ ಕಡೆ ತಿರುಗಿಯೂ ನೋಡದಿರುವುದು.

ಇಂತಹ ವೇಳೆ ರೋಗಿಯನ್ನು ಒಂಟಿಯಾಗಿ ಬಿಡಬಾರದು. 108 ಅಥವಾ 112ಕ್ಕೆ ಕರೆ ಮಾಡಬೇಕು. ಪೊಲೀಸ್ ಮೊಕದ್ದಮೆಯ ಭಯದಿಂದ ತಡಮಾಡಬೇಡಿ. 2018ರಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆಯು, ಜೀವ ಕಳೆದುಕೊಳ್ಳಲು ಯತ್ನಿಸಿದವರು ತೀವ್ರ ಮಾನಸಿಕ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರಿಗೆ ಆರೈಕೆ ಒದಗಿಸುವುದು ಸರ್ಕಾರದ ಹೊಣೆ ಎಂದು ಹೇಳುತ್ತದೆ.

ಸಾರಾಂಶ

ಖಿನ್ನತೆಯು ಚಿಕಿತ್ಸೆಗೆ ಬಗ್ಗುವ ಕಾಯಿಲೆ. ಎರಡು ವಾರ ಮುಂದುವರಿದ ಬೇಸರ ಮತ್ತು ನಿರಾಸಕ್ತಿಯನ್ನು ಕಡೆಗಣಿಸಬಾರದು. ಸಾದಾ ಮೊಬೈಲಿನಿಂದ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿ, ಉಚಿತವಾಗಿ, ಯಾವ ಹೊತ್ತಿನಲ್ಲಾದರೂ ನೆರವು ದೊರೆಯುತ್ತದೆ. ತಂತ್ರಜ್ಞಾನವು ದಾರಿಯನ್ನು ಹತ್ತಿರ ಮಾಡುತ್ತದೆ. ಆ ದಾರಿಯಲ್ಲಿ ಜೊತೆಗೆ ನಡೆಯಲು ಮನೆಯವರು, ನೆರೆಯವರು ಮತ್ತು ಕಾರ್ಯಕರ್ತರು ಬೇಕು.

ಈ ಲೇಖನ ಓದಿ ಮುಗಿಸಿದ ಕೂಡಲೇ ಎರಡು ಕೆಲಸ ಮಾಡಿ. ಮೊದಲು 14416 ಸಂಖ್ಯೆಯನ್ನು ನಿಮ್ಮ ಮೊಬೈಲಿನಲ್ಲಿ ಉಳಿಸಿಕೊಳ್ಳಿ. ಬಳಿಕ, ಕೆಲವು ದಿನಗಳಿಂದ ಸಭೆಗೂ ಸಂತೆಗೂ ಬಾರದೆ ಇರುವ ಒಬ್ಬರನ್ನು ನೆನಪಿಸಿಕೊಂಡು ಅವರಿಗೆ ಕರೆ ಮಾಡಿ. ಕರೆ ಎತ್ತದಿದ್ದರೆ ಸಂಜೆ ಅವರ ಮನೆಯವರೆಗೆ ಹೋಗಿ ಬನ್ನಿ.